ನಾಯಕನನ್ನು ಕೊಂದರೆ ಯುದ್ಧ ಮುಗಿಯುತ್ತದೆಯೇ?

ದಪ್ಪ ದಪ್ಪ ಫ್ಯಾಂಟಸಿ ಕಾದಂಬರಿಗಳನ್ನು ಓದುವ ನಮ್ಮ ಮನೆಯ ಹುಡುಗರಿಗೂ ನನಗೂ ಒಂದು ವಿಷಯದಲ್ಲಿ ತಕರಾರು ಮುಗಿಯುವುದೇ ಇಲ್ಲ. ಕತ್ತಲ ಲೋಕದ ಅರಸ ಸತ್ತೊಡನೆ ಅವನ ಅಪಾರ ಸೈನ್ಯ ದಿಕ್ಕಾಪಾಲಾಗುವುದನ್ನು ಅವರು ಒಪ್ಪಿಬಿಡುತ್ತಾರೆ. "ಹಾಗಾದರೆ ಮೊದಲೇ ಒಬ್ಬ ಹಂತಕನನ್ನು ಕಳುಹಿಸಬಹುದಿತ್ತಲ್ಲ ಮಾವ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಭಾಗವತರು ಹಾಡಿದ ಯಕ್ಷಗಾನದ ಪದಗಳಿಗೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಅರ್ಥ ಹೇಳುವ ಕಾಸರಗೋಡಿನ ತಾಳಮದ್ದಳೆ ಕೂಟಗಳಲ್ಲಿ ಕಿವಿ ಪಳಗಿಸಿಕೊಂಡವರಿಗೆ ಆ ಸೈನ್ಯ ಚದುರುವುದೇ ನಂಬಲಾಗದ ಸಂಗತಿ.

ಕುರುಕ್ಷೇತ್ರದಲ್ಲಿ 10ನೆಯ ದಿನ ಭೀಷ್ಮ, 15ನೆಯ ದಿನ ದ್ರೋಣ, 17ನೆಯ ದಿನ ಕರ್ಣ ಬಿದ್ದರೂ ಪ್ರತಿಸಲವೂ ಇನ್ನೊಬ್ಬನಿಗೆ ಸೇನಾಧಿಪತ್ಯದ ಅಭಿಷೇಕವಾಯಿತು, ಯುದ್ಧ ನಿಲ್ಲಲಿಲ್ಲ. ಇದನ್ನು ಚೆನ್ನಾಗಿ ಅರಿತಿದ್ದವನು ದುರ್ಯೋಧನನೇ. ಸೇನಾಧಿಪತಿಯಾದ ದ್ರೋಣನಲ್ಲಿ ಅವನು ಧರ್ಮರಾಜನ ತಲೆಯನ್ನು ಕೇಳದೆ, ಅವನನ್ನು ಜೀವಸಹಿತ ಹಿಡಿದುಕೊಡಬೇಕೆಂದು ಕೇಳಿದ. ದ್ರೋಣ ಮೊದಲು ಇದನ್ನು ಔದಾರ್ಯವೆಂದೇ ಭಾವಿಸಿ ಹಿಗ್ಗಿದ. ಆಮೇಲೆ ಹೊರಬಿದ್ದ ಲೆಕ್ಕಾಚಾರವೇ ಬೇರೆ: ಕೊಂದರೆ ಅರ್ಜುನ ನಮ್ಮಲ್ಲಿ ಒಬ್ಬನನ್ನೂ ಉಳಿಸುವುದಿಲ್ಲ, ಸೆರೆಹಿಡಿದರೆ ಮತ್ತೊಮ್ಮೆ ಪಗಡೆಯಾಡಿಸಿ ಕಾಡಿಗಟ್ಟಬಹುದು. ಉದ್ದೇಶ ನೀಚವಾದುದು, ಆದರೆ ರಾಜನೀತಿಯಾಗಿ ಇದರಲ್ಲಿ ದೋಷ ಹುಡುಕುವುದು ಕಷ್ಟ.

ಕೊಲೆಯಿಂದ ನಿಜವಾಗಿ ಒಂದು ಯುದ್ಧವೇ ತಪ್ಪಿದ್ದು ಜರಾಸಂಧನ ಪ್ರಸಂಗದಲ್ಲಿ. 86 ಅರಸರನ್ನು ಬಲಿಗೆಂದು ಸೆರೆಯಲ್ಲಿಟ್ಟಿದ್ದ ಅವನ ಸೈನ್ಯವನ್ನು 300 ವರ್ಷ ಕಾದಾಡಿದರೂ ಮುಗಿಸಲಾಗದೆಂದು ಕೃಷ್ಣನೇ ಹೇಳುತ್ತಾನೆ. ದುರ್ಬಲ ರಾಜನಿಗೆಂದೇ ಮೀಸಲಾದ ಅರ್ಥಶಾಸ್ತ್ರದ 12ನೆಯ ಅಧಿಕರಣದಲ್ಲಿ ಕೌಟಿಲ್ಯ ಗೂಢಹತ್ಯೆಯ ಉಪಾಯಗಳನ್ನು ವಿವರಿಸಿದ್ದೂ ಇಂತಹ ಇಕ್ಕಟ್ಟಿಗಾಗಿಯೇ. ಕೃಷ್ಣ, ಭೀಮ, ಅರ್ಜುನರು ಬ್ರಾಹ್ಮಣವೇಷದಲ್ಲಿ, ಹೆಬ್ಬಾಗಿಲನ್ನು ಬಿಟ್ಟು ಊರೊಳಗೆ ನುಗ್ಗಿದ್ದು ಕಪಟವೇ ಸರಿ. ಆದರೂ ಕೈಯೆತ್ತುವ ಮೊದಲು ತಾವು ಯಾರೆಂದು ತಿಳಿಸಿ, ಮೂವರಲ್ಲಿ ಯಾರೊಡನೆ ಹೋರಾಡುವೆಯೆಂದು ಕೇಳಿದರು; ಜರಾಸಂಧ ಭೀಮನನ್ನೇ ಆರಿಸಿಕೊಂಡ. ಅವನು ಸತ್ತ ಮೇಲೆ ಸೆರೆಯ ಅರಸರು ಬಿಡುಗಡೆಯಾದರು, ಮಗಧ ಅವನ ಮಗ ಸಹದೇವನ ಪಾಲಾಯಿತು. ಮುಂದೆ ಪಾಂಡವರ ಏಳು ಅಕ್ಷೌಹಿಣಿಗಳಲ್ಲಿ ಒಂದು ಮಗಧದಿಂದಲೇ ಬಂದದ್ದು!

ವಾಲಿಯ ವಿಷಯದಲ್ಲಿಯೂ ಮುಂದಾಲೋಚನೆ ಹೀಗೆಯೇ ಇತ್ತು: ಪಟ್ಟ ಸುಗ್ರೀವನಿಗೆ, ಯುವರಾಜ ಪದವಿ ಅಂಗದನಿಗೆ. ಆದರೆ ಅಲ್ಲಿ ಬಾಣ ಬಂದದ್ದು ಮರೆಯಿಂದ. ಪಾತ್ರದ ಮಾತನ್ನಾಡುವ ಅರ್ಥಧಾರಿಗಳಲ್ಲಿ ಹೆಸರಾಂತರಾದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಮ್ಮ ಕಡೆಯ ಹಿರಿಯರು ಈಗಲೂ ನೆನೆಯುವುದಕ್ಕೆ ಅವರ ವಾಗ್ವೈಭವ ಮಾತ್ರ ಕಾರಣವಲ್ಲ, ಆ ಪಾತ್ರದ ಕೈಯಲ್ಲಿ ನಿಜಕ್ಕೂ ಗಟ್ಟಿಯಾದ ವಾದವಿದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮವೆಂದು ರಾಮ ಹೇಳುತ್ತಾನೆ, ಮೃಗವನ್ನು ಮರೆಯಲ್ಲಿ ನಿಂತು ಕೊಲ್ಲಬಹುದೆಂದೂ ಹೇಳುತ್ತಾನೆ. ಭಾಗವತರ ಪದ ಮುಗಿದು ಚೆಂಡೆ ನಿಂತ ಮೇಲೆ ಬಲ್ಲ ಅರ್ಥಧಾರಿ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುತ್ತಾನೆ: ನಾನು ಮೃಗವಾದರೆ ನನಗೆ ಮನುಷ್ಯಧರ್ಮದ ಶಿಕ್ಷೆಯೇಕೆ? ಮನುಷ್ಯಧರ್ಮ ನನಗೂ ಉಂಟಾದರೆ ನೀನು ಅಡಗಿದ್ದೇಕೆ? ಇದಕ್ಕೆ ತೃಪ್ತಿಯಾಗುವ ಉತ್ತರವನ್ನು ನಾನಂತೂ ಯಾವ ಕೂಟದಲ್ಲಿಯೂ ಕೇಳಿಲ್ಲ. (ರಾಮನ ಅರ್ಥ ಹೇಳುವ ಸ್ನೇಹಿತರು ಕ್ಷಮಿಸಬೇಕು.)

ಅಶ್ವತ್ಥಾಮನಲ್ಲಿ ನೀತಿಯೂ ಇಲ್ಲ, ಲೆಕ್ಕವೂ ಇಲ್ಲ. ಮಲಗಿದವರನ್ನು ಕೊಲ್ಲಬೇಡವೆಂದು ಕೃಪಾಚಾರ್ಯ ಹೇಳಿದರೂ ಕೇಳದೆ ಶಿಬಿರಕ್ಕೆ ನುಗ್ಗಿದ. ಆಯುಧದಿಂದಲಾದರೂ ಕೊಲ್ಲೆಂದು ಅಂಗಲಾಚಿದ ಧೃಷ್ಟದ್ಯುಮ್ನನನ್ನು ತುಳಿದೇ ಕೊಂದ, ದ್ರೌಪದಿಯ ಐವರು ಮಕ್ಕಳನ್ನು ಕೊಂದ, ಕೊನೆಗೆ ಉತ್ತರೆಯ ಗರ್ಭಕ್ಕೂ ಅಸ್ತ್ರವನ್ನು ಗುರಿಯಿಟ್ಟ. ಪಾಂಡವರ ವಂಶ ಅಲ್ಲಿಗೇ ನಿಂತುಹೋಗಿದ್ದರೂ ಅವನ ಪಕ್ಷಕ್ಕೆ ಲಾಭವೇನಿತ್ತು? ತೊಡೆ ಮುರಿದುಕೊಂಡು ಬಿದ್ದಿದ್ದ ದುರ್ಯೋಧನ ಬೆಳಗಾಗುವಷ್ಟರಲ್ಲಿ ಪ್ರಾಣಬಿಟ್ಟ. ಗದ್ದುಗೆಯ ಮೇಲೆ ಕೂರಿಸಲು ಧೃತರಾಷ್ಟ್ರನ ಮಕ್ಕಳಲ್ಲಿ ಉಳಿದಿದ್ದವನು ಯುಯುತ್ಸು ಒಬ್ಬನೇ, ಅವನೂ ಪಾಂಡವರ ಕಡೆಯವನು.