ಮೇಣದಬತ್ತಿ ಲೆಕ್ಕ

ನಮ್ಮೂರಲ್ಲಿ ಕರೆಂಟು ಇರೋದಕ್ಕಿಂತ ಇಲ್ಲದ ದಿನಾನೇ ಜಾಸ್ತಿ, ಜೂನಲ್ಲಿ ಮಳೆ ಹಿಡೀತು ಅಂದ್ರೆ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ವಾರಗಟ್ಲೆ ಕತ್ತಲೆ, ಅದೆಲ್ಲ ಸರಿ. ಆದ್ರೆ ಏಪ್ರಿಲ್ ತಿಂಗಳಲ್ಲಿ ಒಂದೇ ಮನೆಗೆ ಹದಿನೆಂಟು ಪ್ಯಾಕೆಟ್ ಮೇಣದಬತ್ತಿ ಎಂತಕ್ಕೆ ಅಂತ ಆ ವಯಸ್ಸಲ್ಲಿ ನನಗೆ ಹೊಳೀಲೇ ಇಲ್ಲ. ಕಾಕನ ಲೆಕ್ಕದ ಬುಕ್ಕು ನೋಡಿದ್ರೆ ಊರಿಗೆ ಊರೇ ವರ್ಷವಿಡೀ ಮೇಣದಬತ್ತಿ ಉರಿಸ್ತಿತ್ತು.

ಕಾಕ ಅಂದ್ರೆ ಸಿದ್ದಾಪುರದ ಹತ್ರ, ಹೊಳೆಗೆ ಇಳಿಯೋ ಕ್ರಾಸಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಕಾಕ. ಕೊಡಗಲ್ಲಿ ಅಂಗಡಿ ಕಾಕಂದಿರಿಗೇನು ಬರಗಾಲ ಇಲ್ಲ, ಆದ್ರೆ ನಮ್ಮ ಸುತ್ತಮುತ್ತಿನ ತೋಟದವರು, ಲೈನ್‌ಮನೇಲಿರೋ ತೋಟದ ಕೆಲಸದವರು ಹೆಸರು ಹೇಳದೆ ಬರೀ ಕಾಕ ಅಂದ್ರೆ ಅದು ಇವರೇ. ಹದಿಮೂರೋ ಹದಿನಾಲ್ಕೋ ವಯಸ್ಸಿಗೆ ಕೇರಳದ ಕಡೆಯಿಂದ ಮಾಕುಟ್ಟ ಘಾಟಿ ಹತ್ತೋ ಲಾರೀಲಿ ಕೂತು ಬಂದವರು, ಒಣಮೀನಿನ ಬುಟ್ಟಿ ತಲೆ ಮೇಲೆ ಹೊತ್ಕೊಂಡು ತೋಟ ತೋಟ ತಿರುಗಿದವರು. ಕಕ್ಕಡ ತಿಂಗಳ, ಅಂದ್ರೆ ಜುಲೈ-ಆಗಸ್ಟಿನ ಮಳೇಲಿ ಮನೆಯಿಂದ ಹೊರಗೆ ಕಾಲಿಡಕ್ಕೆ ಆಗಲ್ವಲ್ಲ, ಆವಾಗ ಒಣಮೀನು ಬಾಗಿಲಿಗೇ ಬಂದ್ರೆ ಬೇಡ ಅನ್ನೋರು ಯಾರು. "ಈ ಊರಿನ ನಾಯಿಗಳಿಗೆ ನನ್ನ ಪರಿಚಯ ಮೊದ್ಲು ಆಗಿದ್ದು ಮೋನೆ, ಮನುಷ್ಯರಿಗೆ ಆಮೇಲೆ" ಅಂತ ಮೀನಖಂಡದ ಮೇಲಿನ ಗಾಯದ ಗುರುತು ತೋರಿಸ್ತಿದ್ರು. ಮೋನೆ ಅಂದ್ರೆ ಅವರ ಮಲಯಾಳದಲ್ಲಿ ಮಗನೇ ಅಂತ. ಆಮೇಲೆ ಕ್ರಾಸಲ್ಲಿ ಟಾರ್ಪಾಲ್ ಕಟ್ಟಿದ್ರು, ಟಾರ್ಪಾಲ್ ಹೋಗಿ ಶೀಟ್ ಬಂತು, ಶೀಟ್ ಹೋಗಿ ಹೆಂಚು ಬಂತು, ಅಂಗಡಿ ಮುಂದೆ ಒಂದು ಬೆಂಚು ಬಂತು. ಬೆಂಚು ಬಂದ್ಮೇಲೆ ನಾವೂ ಬಂದ್ವಿ.

ನಮ್ಮ ಕಡೆ ದುಡ್ಡು ಬರೋದು ಎರಡು ಥರ. ಲೈನ್‌ಮನೆಯವರಿಗೆ ವಾರದ ಬಟವಾಡೆ. ನಮ್ಮಂಥ ಮೂರ್ನಾಲ್ಕು ಎಕರೆಯವರಿಗೆ ವರ್ಷಕ್ಕೊಂದೇ ಸಲ, ಜನವರಿಯಿಂದ ಮಾರ್ಚ್ ಒಳಗೆ ರೊಬಸ್ಟಾ ಕಾಫಿ ಕುಯ್ದು ಕಣದಲ್ಲಿ ಒಣಗಿಸಿ 50 ಕೆಜಿ ಚೀಲದ ಲೆಕ್ಕದಲ್ಲಿ ಮಾರಿದ ಮೇಲೆ. ಅಲ್ಲೀತನಕ ಉಪ್ಪು, ಬೇಳೆ, ಸೋಪು, ಮಕ್ಕಳ ನೋಟ್‌ಬುಕ್ಕು ಎಲ್ಲಾ "ಕಾಫಿ ಕೊಟ್ಮೇಲೆ ಕೊಡ್ತೇನೆ ಕಾಕ". ಅದಕ್ಕೇ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ತಡ ಆದ್ರೆ ತೋಟದವರಿಗಿಂತ ಜಾಸ್ತಿ ಆಕಾಶ ನೋಡ್ತಿದ್ದಿದ್ದು ಒಂದು ಸೆಂಟು ತೋಟ ಇಲ್ಲದ ಕಾಕ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ನಿಂತೋಗಿ ಬಟವಾಡೆ ಕೊಡಕ್ಕೆ ಯಾರ ಹತ್ರಾನೂ ಚಿಲ್ಲರೆ ಇಲ್ದಾಗ ಕಾಕ ಮಾಡಿದ್ದು ಒಂದೇ ಕೆಲಸ, ಇನ್ನೂರು ಪೇಜಿನ ಇನ್ನೊಂದು ಬುಕ್ಕು ಹಾಕಿದ್ರು.

ಬುಕ್ಕಲ್ಲಿ ಯಾರ ಹೆಸರೂ ಇರ್ತಿರ್ಲಿಲ್ಲ. "ಮೇಲಿನ ಗೇಟು", "ಕುಂಟು ಜೀಪು", "ಎರಡು ನಾಯಿ", ಹಿಂಗೆ. ನಮ್ಮ ಪೇಜು "ಹಲಸಿನಮರ". ಮರ ಕಡಿದು ಹತ್ತು ವರ್ಷ ಆದ್ರೂ ನಾವು ಹಲಸಿನಮರಾನೇ.

ಈಗ ನನ್ನ ವಿಷಯ. ಸೆಕೆಂಡ್ ಪಿಯುಸೀಲಿ ಗಣಿತದಲ್ಲಿ ಡುಮ್ಕಿ ಹೊಡೆದು, ಮನೇಲಿ ಅಪ್ಪನ ಮುಖ ನೋಡಕ್ಕಾಗ್ದೆ ಬೆಂಚಲ್ಲಿ ಕೂತಿದ್ದೆ. ಶುಕ್ರವಾರ. ಜುಮ್ಮಾ ನಮಾಜಿಗೆ ಹೋಗುವಾಗ ಕಾಕ ಬಾಗಿಲು ಹಾಕ್ತಿರ್ಲಿಲ್ಲ, ಬೆಂಚಲ್ಲಿ ಯಾರು ಕೂತಿರ್ತಾರೋ ಅವರಿಗೆ ಅಂಗಡಿ. "ಮೋನೆ, ನೋಡ್ಕೋ, ಲೆಕ್ಕ ಬರೆದಿಡು" ಅಂದ್ರು, ಹೊರಟೇಹೋದ್ರು. ಗಣಿತದಲ್ಲಿ ಫೇಲಾದವನ ಕೈಗೆ ಬೀಗ ಇಲ್ಲದ ಗಲ್ಲಾಪೆಟ್ಟಿಗೆ.

ಮೊದ್ಲು ಬಂದಿದ್ದು ಲೈನ್‌ಮನೆ ಅಕ್ಕ, ಅರ್ಧ ಕೆಜಿ ಸಕ್ಕರೆ. ಕಾಕ ಆಗಿದ್ರೆ ಶಕ್ತಿ ದಿನಪತ್ರಿಕೆಯ ಒಂದು ಹಾಳೆ ತಗೊಂಡು ಸುಯ್ಯಂತ ಕೋನು ಸುತ್ತಿ, ಮೇಲೆ ನೇತಾಡೋ ಉಂಡೆಯಿಂದ ದಾರ ಎಳೆದು ಎರಡು ಸುತ್ತು ಸುತ್ತಿ, ಬೆರಳಲ್ಲೇ ಟಪ್ಪಂತ ಕಿತ್ತು ಕೊಡೋರು, ಐದು ಸೆಕೆಂಡಿನ ಕೆಲಸ. ನಾನು ಕಟ್ಟಿದ ಪೊಟ್ಟಣ ಕೆಳಗಿಂದ ಸೋರಕ್ಕೆ ಶುರುವಾಯ್ತು, ಅದನ್ನ ಒಂದು ಕೈಲಿ ಒತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ದಾರ ಎಳೆದ್ರೆ ಕೀಳಲೇ ಇಲ್ಲ, ಜೋರಾಗಿ ಎಳೆದ್ರೆ ಉಂಡೆ ಮೊಳೆ ಸಮೇತ ಬಂದು ಮೊಟ್ಟೆ ಟ್ರೇ ಮೇಲೆ ಕೂತ್ಕೊಳ್ತು. ನಾಲ್ಕು ಮೊಟ್ಟೆ. ಆ ಅಕ್ಕ ನನ್ನನ್ನೂ ಮೊಟ್ಟೇನೂ ನೋಡಿ, ಒಳಗೆ ಬಂದು ತಾನೇ ಕಟ್ಕೊಂಡು, ತಾನೇ ತೂಗಿ, ನನ್ನ ಕೈಗೆ ಚಿಲ್ಲರೆ ಇಟ್ಟು ಹೋದ್ಳು.

ಆಮೇಲೆ ಬಂದ್ರು ಸುಬೇದಾರ್ ಅಂಕಲ್. ರಿಟೈರಾಗಿ ಎಷ್ಟೋ ವರ್ಷ ಆಗಿದ್ರೂ ಬೆನ್ನು ನೆಟ್ಟಗೆ, ಮೀಸೆ ನೆಟ್ಟಗೆ, ತಲೆ ಮಾತ್ರ ಕರೀ ಕಪ್ಪು. ಅದು ಮಿಲಿಟರಿ ಶಿಸ್ತು, ಕಕ್ಕಡ 18ಕ್ಕೆ ತಪ್ಪದೆ ಮದ್ದುಸೊಪ್ಪಿನ ಪಾಯಸ ತಿನ್ನೋದ್ರ ಫಲ ಅಂತ ಊರೆಲ್ಲಾ ನಂಬಿತ್ತು. ಅಂಗಡಿ ಒಳಗೆ ಇಣುಕಿ, "ಕಾಕ ಎಲ್ಲಿ? ನೀನಾ?" ಅಂತ ಅನುಮಾನಪಟ್ಟು, ಕೊನೆಗೆ ಗಂಟಲು ತಗ್ಗಿಸಿ ಎರಡು ಹೇರ್ ಡೈ ಕೇಳಿದ್ರು. ಇವರಿಗೆ ಮಿಲಿಟರಿ ಕ್ಯಾಂಟೀನಲ್ಲಿ ಎಲ್ಲಾ ಕಮ್ಮಿಗೆ ಸಿಗುತ್ತಲ್ಲ ಅಂತ ಒಂದು ಸಲ ಅನ್ನಿಸ್ತು, ಕ್ಯಾಂಟೀನಿಗೆ ಆಂಟೀನೂ ಜೊತೆಗೆ ಹೋಗ್ತಾರೆ ಅನ್ನೋದು ನನ್ನ ಮರದ ತಲೆಗೆ ಹೋಗ್ಲಿಲ್ಲ. "ಕಾಕ ಬರೆಯೋ ಹಾಗೆ ಬರಿ" ಅಂದು ಹೊರಟ್ರು. ನಾನು ಮೇಲಿನ ಗೇಟು ಪೇಜು ತೆಗೆದು ಮುತ್ತಿನಂಥ ಅಕ್ಷರದಲ್ಲಿ ಬರೆದೆ: ಹೇರ್ ಡೈ, 2.

ತಿಂಗಳ ಕೊನೇಲಿ ಪೆನ್ಷನ್ ಬಂತು, ಲೆಕ್ಕ ತೀರಿಸಕ್ಕೆ ಆಂಟಿ ಬಂದ್ರು. ನಾನು ಬೆಂಚಲ್ಲೇ ಇದ್ದೆ. ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳು ಇಡ್ತಾ ಬಂದವರು ಒಂದು ಕಡೆ ನಿಂತ್ರು.

"ಕಾಕಾ, ಇದು ಎಂತ? ನಮ್ಮ ಮನೇಲಿ ಯಾರು ಡೈ ಹಚ್ಚೋದು?"

ಕಾಕ ಬುಕ್ಕು ನೋಡಿದ್ರು, ನನ್ನನ್ನ ನೋಡಿದ್ರು, ಮತ್ತೆ ಬುಕ್ಕು ನೋಡಿದ್ರು. "ಅಯ್ಯೋ ಅಕ್ಕಾ, ತಪ್ಪಾಯ್ತು, ಅದು ನಾನು ನನಗೆ ತಗೊಂಡಿದ್ದು, ನಿಮ್ಮ ಪೇಜಿಗೆ ಬಂದುಬಿಟ್ಟಿದೆ" ಅಂತ ಅಲ್ಲೇ ಗೀಟು ಎಳೆದ್ರು.

ಆಂಟಿ ನಿಧಾನಕ್ಕೆ ತಲೆ ಎತ್ತಿ ಕಾಕನ ತಲೆ ನೋಡಿದ್ರು. ಕಾಕನ ತಲೇಲಿ ಒಂದೇ ಒಂದು ಕೂದ್ಲು ಇರ್ಲಿಲ್ಲ, ಸೆಕೆಗೆ ಟೋಪಿ ಬೇರೆ ತೆಗೆದಿಟ್ಟಿದ್ರು, ಟ್ಯೂಬ್‌ಲೈಟ್ ಅದರ ಮೇಲೆ ಮಿಂಚ್ತಿತ್ತು. ಆಂಟಿ ಏನೂ ಅನ್ನದೆ ದುಡ್ಡು ಎಣಿಸಿಟ್ಟು ಹೋದ್ರು. ಮುಂದಿನ ಮೂರು ತಿಂಗಳು ಸುಬೇದಾರ್ ಅಂಕಲ್ ತಲೆ ಪಾರ್ಚ್‌ಮೆಂಟ್ ಕಾಫಿಯ ಮಾಸಲು ಬಿಳಿ ಬಣ್ಣಕ್ಕಿತ್ತು.

ಅವತ್ತೇ ಕಾಕ ನನಗೆ ಹೇಳಿಕೊಟ್ಟಿದ್ದು. ಮನೇಲಿ ಗೊತ್ತಾಗಬಾರದ್ದು ಯಾರು ಏನೇ ತಗೊಂಡ್ರೂ ಬುಕ್ಕಲ್ಲಿ ಮೇಣದಬತ್ತಿ. ಬೀಡಿ ಬಿಟ್ಟೆ ಅಂದೋರ ಬೀಡಿ ಮೇಣದಬತ್ತಿ, ಸೊಸೆಗೆ ತಿಳೀದ ಹಾಗೆ ಅತ್ತೆ ತಗೊಂಡ ಪೌಡರ್ ಮೇಣದಬತ್ತಿ. "ಬೆಲೆ ಸರಿಯಾಗಿ ಬರೀತೇನೆ ಮೋನೆ, ಹೆಸರು ಮಾತ್ರ ಸುಳ್ಳು" ಅಂದ್ರು. ನಾಲ್ಕು ಮೊಟ್ಟೆ ಮಾತ್ರ ಹಲಸಿನಮರದ ಪೇಜಲ್ಲಿ ಮೊಟ್ಟೆ ಅಂತಲೇ ಬರೆದಿದ್ರು, ಅದು ಬೇರೆ ವಿಷಯ.

2019ರ ಆಗಸ್ಟಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳೇ ಹೋದ್ವಲ್ಲ, ಆವಾಗ ಅಂಗಡೀಲೂ ಸೊಂಟದ ತನಕ ನೀರು. ಅಕ್ಕಿ ಹೋಯ್ತು, ಬುಕ್ಕು ನೆನೆದು ಶಾಯಿ ಎಲ್ಲಾ ಒಂದಕ್ಕೊಂದು ಸೇರಿ ಮೇಲಿನ ಗೇಟು, ಎರಡು ನಾಯಿ ಎಲ್ಲಾ ಒಂದೇ ನೀಲಿ. ಕಾಕ ಹೊಸ ಬುಕ್ಕು ತಂದು ಬೆಂಚಲ್ಲಿ ಕೂತು, ನಿಮ್ಮ ನಿಮ್ಮ ಬಾಕಿ ನೀವೇ ಹೇಳಿ ಅಂದ್ರು. ಕೆಲವು ಮನೆಯಿಂದ ಗಂಡ ಒಂದು ಸಲ ಬಂದು ಹೇಳಿದ, ಹೆಂಡ್ತಿ ಇನ್ನೊಂದು ಸಲ ಬಂದು ಹೇಳಿದ್ಳು, ಎರಡೂ ತಾಳೆ ಆಗ್ಲಿಲ್ಲ, ಮಧ್ಯದ್ದು ಮೇಣದಬತ್ತಿ ಅಂತ ಕಾಕನಿಗೆ ಗೊತ್ತಿತ್ತು. ಎಲ್ಲಾ ಕೂಡಿದ್ಮೇಲೆ ಕಾಕ ತಲೆ ಕೆರ್ಕೊಂಡು, "ಪಡಚೋನೇ, ಇಷ್ಟು ಸಾಮಾನು ನನ್ನ ಅಂಗಡೀಲಿ ಇರ್ಲೇ ಇಲ್ಲ ಮೋನೆ, ಜನ ಜಾಸ್ತಿ ಹೇಳಿದ್ದಾರೆ" ಅಂತ ಪುನಃ ಮನೆ ಮನೆಗೆ ಹೋಗಿ ಕಮ್ಮಿ ಮಾಡಿಸಿ ಬಂದ್ರು. ಸಾಲ ಕಮ್ಮಿ ಮಾಡಕ್ಕೆ ಜಗಳ ಆಡಿದ ಅಂಗಡಿಯವರನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಹೋದ ವರ್ಷ ಕಾಕ ಹೋಗಿಬಿಟ್ರು. ಈಗ ಮಗ ಅಂಗಡಿ ನೋಡ್ಕೊಳ್ತಾನೆ, ಕಂಪ್ಯೂಟರ್ ಬಿಲ್ಲು, ಕ್ಯೂಆರ್ ಕೋಡು, ಬಿಲ್ಲಲ್ಲಿ ಎಲ್ಲಾ ಐಟಮ್ಮಿನ ಹೆಸರು ಪೂರ್ತಿ ಬರುತ್ತೆ, ಊರಲ್ಲಿ ತುಂಬಾ ಜನಕ್ಕೆ ಇದರಿಂದ ಕಷ್ಟ ಆಗಿದೆ. ನಾನು ರಜೆಗೆ ಊರಿಗೆ ಹೋಗಿದ್ದಾಗ ಹಳೇ ಬಾಕಿ ಮುಗಿಸೋಣ ಅಂತ ಅವನೇ ಬುಕ್ಕು ಹಿಡ್ಕೊಂಡು ಮನೆಗೆ ಬಂದ. ಅಮ್ಮ ಜಗಲೀಲಿ ಕೂತು ಹಲಸಿನಮರದ ಪೇಜು ಓದಿದ್ರು.

"ಮೇಣದಬತ್ತಿ, ಮೇಣದಬತ್ತಿ, ಮೇಣದಬತ್ತಿ... ರೀ, ಇನ್ವರ್ಟರ್ ಹಾಕಿ ಎಂಟು ವರ್ಷ ಆಯ್ತಲ್ಲ?"

ಹನ್ನೊಂದು ವರ್ಷದಿಂದ ಶುಗರಿಗೆ ಮಾತ್ರೆ ತಗೊಳ್ತಿರೋ ಅಪ್ಪ, ಕಾಫಿ ಕಣದಲ್ಲಿ ಏನೋ ಬಿದ್ದುಹೋದ ಹಾಗೆ ಅಲ್ಲೇ ನೋಡ್ತಾ ಕೂತ್ರು. ಅವರ ಜುಬ್ಬಾ ಜೇಬಲ್ಲಿ ಕಡಲೆಮಿಠಾಯಿ ಕಾಗದ ಸರಕ್ ಅಂತು.

"ಅಮ್ಮಾ, ಅದು ನಾನು ತಗೊಂಡಿದ್ದು" ಅಂದೆ.

"ಪ್ರತೀ ಸೋಮವಾರ?" ಅಂದ್ರು ಅಮ್ಮ. "ಬೆಂಗ್ಳೂರಿಂದ ಬಂದು?"

ಕಾಕನ ಮಗ ತಲೆ ಬಗ್ಗಿಸಿ ಕ್ಯಾಲ್ಕ್ಯುಲೇಟರ್ ಒತ್ತಕ್ಕೆ ಶುರು ಮಾಡಿದ.