ಮೊಬೈಲ್ ಸ್ಪೀಕರಿನಲ್ಲಿ ಜಾಜ್ ಕೇಳಬೇಡ್ರೀ

ಜಾಜ್ ಇಷ್ಟ ಆಗಲಿಲ್ಲ ಎನ್ನುವವರ ಮೇಲೆ ನನಗೇನೂ ತಕರಾರಿಲ್ಲ. ಇಷ್ಟ ಆಗದಿರಲು ನೂರು ಕಾರಣ ಇರಬಹುದು. ಆದರೆ ಫೋನನ್ನು ಟೇಬಲ್ ಮೇಲೆ ಮಲಗಿಸಿ, ಅದರ ಸ್ಪೀಕರಿನಲ್ಲಿ ಎರಡು ನಿಮಿಷ ಕೇಳಿ, "ಏನ್ರೀ ಇದು, ಬರೇ ಪೀಪಿ ಊದಾಕತ್ತಾನ" ಅಂದರೆ ಮಾತ್ರ ನಾನು ಜಗಳಕ್ಕೆ ಬರ್ತೀನಿ. ಯಾಕಂದ್ರೆ ನೀವು ಕೇಳಿದ್ದು ಅರ್ಧ ಬ್ಯಾಂಡ್. ಇನ್ನರ್ಧ ನಿಮ್ಮ ಫೋನಿನಿಂದ ಹೊರಗೆ ಬಂದೇ ಇಲ್ಲ.

ಜಾಜ್ ಬ್ಯಾಂಡಿನಲ್ಲಿ ಡಬಲ್ ಬೇಸ್ ಅಂತ ಒಂದು ವಾದ್ಯ ಇರುತ್ತದೆ. ನೋಡಲು ಆಳೆತ್ತರದ ಪಿಟೀಲು. ನುಡಿಸುವವನು ಅದನ್ನು ಮೈಗೆ ಒರಗಿಸಿಕೊಂಡು ನಿಂತು, ಹೆಚ್ಚಾಗಿ ಬೆರಳಿನಿಂದಲೇ ತಂತಿ ಮೀಟುತ್ತಾನೆ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. (ನಮ್ಮ ಬೆಳಗಾವಿ ಉದ್ಯಮಬಾಗಿನ ಮಷೀನಿನವರಿಗೆ ಬೇಗ ತಿಳಿಯಲಿ ಅಂತ ಹೇಳ್ತೀನಿ, 2,470 ಆರ್‌ಪಿಎಂ ಹತ್ತಿರ ಬಂತು.) ಅಷ್ಟು ಕೆಳಗಿನ ಸದ್ದು ಕಿವಿಗೆ ಮುಟ್ಟಬೇಕಾದರೆ ಸ್ಪೀಕರ್ ಜಾಸ್ತಿ ಗಾಳಿ ತಳ್ಳಬೇಕು. ಫೋನಿನ ಮೂಲೆಯಲ್ಲಿ ಕೂತಿರುವ ಆ ಪುಟಾಣಿ ಸ್ಪೀಕರ್ ಎಲ್ಲಿಂದ ತಳ್ಳುತ್ತದೆ? ಟ್ರಂಪೆಟ್, ಸ್ಯಾಕ್ಸೊಫೋನ್ ಮಾತ್ರ ಚುರ್ ಅಂತ ಹೊರಗೆ ಬರುತ್ತವೆ. ಆಗ ಪೀಪಿ ಅನ್ನಿಸದೆ ಇನ್ನೇನು ಅನ್ನಿಸೀತು?

ನನ್ನದು ಉದ್ಯಮಬಾಗಿನಲ್ಲಿ ಸಣ್ಣ ಟರ್ನಿಂಗ್ ಶಾಪು. ಮಧ್ಯಾಹ್ನ ಊಟದ ಹೊತ್ತಿಗೆ ಮಷೀನ್ ನಿಂತಾಗ ಒಂದು ಹಳೆಯ ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕುವುದು ರೂಢಿ. ಹುಡುಗರಿಗೆ ಅವರ ಹಾಡು, ಆಮೇಲೆ ನನ್ನದು. ಮೊದಮೊದಲು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹಾಕಿದಾಗ ಲೇತ್ ಮೇಲೆ ಕೆಲಸ ಮಾಡುವ ಹುಡುಗ ಡಬ್ಬಿಯಲ್ಲಿನ ರೊಟ್ಟಿ ಮುರಿಯುತ್ತಾ ಬಹಳ ತಾಳ್ಮೆಯಿಂದ ಕೇಳಿದ. ಐದಾರು ನಿಮಿಷ ಆದ ಮೇಲೆ, "ಅಲ್ರೀ ಮಾಲಕ್ರ, ಹಾಡೋರು ಯಾವಾಗ ಬರ್ತಾರ?" ಅಂದ. ನಗಬೇಡಿ. ಬಹಳ ನ್ಯಾಯವಾದ ಪ್ರಶ್ನೆ ಅದು. ನಾವು ಬೆಳೆದದ್ದೇ ಹಾಡುವವರನ್ನು ಕಾಯುತ್ತಾ. ವಾದ್ಯ ಅಂದರೆ ನಮಗೆ ಹಾಡು ಶುರುವಾಗುವುದಕ್ಕೆ ಮುಂಚಿನ ತಯಾರಿ.

ನಾನು ಅವನಿಗೆ ಹಾಕಿದ್ದು 'ಕೈಂಡ್ ಆಫ್ ಬ್ಲೂ' ಅನ್ನೋ ರೆಕಾರ್ಡು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಕೂತು ಮುಗಿಸಿದ್ದು. ಅದರ ಮೊದಲನೆಯ ಟ್ರ್ಯಾಕಿನಲ್ಲಿ ಒಂದು ಮಜಾ ಇದೆ. ಮೊದಲು ಪಿಯಾನೊ ಮತ್ತು ಬೇಸ್ ಮೆಲ್ಲಗೆ ಏನೋ ಮಾತಾಡಿಕೊಳ್ಳುತ್ತವೆ. ಆಮೇಲೆ ಮುಖ್ಯ ಧಾಟಿ ಬರುತ್ತದೆ. ಅದನ್ನು ನುಡಿಸುವವನು ಮೈಲ್ಸ್ ಅಲ್ಲ, ಬೇಸಿನ ಪಾಲ್ ಚೇಂಬರ್ಸ್. ಅವನು ಒಂದು ಸಾಲು ಹೇಳುತ್ತಾನೆ, ಊದುವವರು ಎರಡು ಸ್ವರದಲ್ಲಿ 'ಹೂಂ' ಅನ್ನುತ್ತಾರೆ. ಇನ್ನೊಂದು ಸಾಲು, ಇನ್ನೊಂದು ಹೂಂ. ಹೂಂ ಅನ್ನುವವರು ಯಾರು? ಮೈಲ್ಸ್ ಡೇವಿಸ್, ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆ್ಯಡರ್ಲಿ! ಇಂಥ ಮೂವರು ನಿಂತು 23 ವರ್ಷದ ಹುಡುಗನ ಮಾತಿಗೆ ತಲೆಯಾಡಿಸುತ್ತಿದ್ದಾರೆ. ಫೋನಿನಲ್ಲಿ ಕೇಳಿದರೆ ಆ ಹುಡುಗನ ಮಾತು ಸೊರಗಿ, ತಲೆಯಾಡಿಸಿದ್ದಷ್ಟೇ ಜೋರಾಗಿ ಕೇಳುತ್ತದೆ.

ಎರಡನೇ ದಿನದ ರೆಕಾರ್ಡಿಂಗ್, ಅಂದರೆ ಏಪ್ರಿಲ್ 22, ಚೇಂಬರ್ಸನ ಹುಟ್ಟಿದ ದಿನ. ಅವತ್ತಿಗೆ 24 ತುಂಬಿತ್ತು. 33ಕ್ಕೇ ಕ್ಷಯದಿಂದ ಹೋಗಿಬಿಟ್ಟ.

ಈ ರೆಕಾರ್ಡಿನದೇ ಇನ್ನೊಂದು ಕತೆ ನಮ್ಮಂಥ ಮಷೀನಿನವರಿಗೆ ಬಹಳ ಇಷ್ಟ ಆಗುವಂಥದ್ದು. ಮಾರ್ಚ್ 2ರಂದು ರೆಕಾರ್ಡ್ ಮಾಡುತ್ತಿದ್ದ ಟೇಪ್ ಮಷೀನು ಸ್ವಲ್ಪ ನಿಧಾನ ಓಡುತ್ತಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತದೆ? ಸ್ವರ ಮೇಲೆ ಏರುತ್ತದೆ, ಹಾಡು ತುಸು ಓಡುತ್ತದೆ. ಆ ಮೊದಲ ಬದಿಯ ಮೂರೂ ಟ್ರ್ಯಾಕು ಹಾಗೇ ಅಚ್ಚಾಗಿ, ಹಾಗೇ ಜಗತ್ತೆಲ್ಲ ಹರಡಿದವು. ಸರಿಪಡಿಸಿದ್ದು 1992ರ ಮರುಮುದ್ರಣದಲ್ಲಿ. 33 ವರ್ಷ! ಅದರ ಜೊತೆ ಕೂತು ಟ್ರಂಪೆಟ್ ಕಲಿತವರ ಗತಿ ಏನಾಗಿರಬೇಡ! ತಮ್ಮ ವಾದ್ಯವೇ ಶ್ರುತಿ ತಪ್ಪಿದೆ ಅಂದುಕೊಂಡವರು ಎಷ್ಟು ಜನ ಇದ್ದರೋ. ನಮ್ಮಲ್ಲಿ ಹೀಗೆ ಸ್ಪೀಡು ತಪ್ಪಿದ ಮಾಲು ಹೊರಗೆ ಹೋದರೆ ಮರುದಿನವೇ ವಾಪಸ್ ಬರುತ್ತದೆ.

ಕೆಳಗಿನ ಸದ್ದು ಕೇಳುವ ಚಟ ನನಗೆ ಸಂಗೀತದಿಂದ ಬಂದದ್ದಲ್ಲ. ಬೇರಿಂಗಿನಿಂದ ಬಂದದ್ದು. ಹಳೆಯ ಫಿಟ್ಟರ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಊರಿ, ಹಿಡಿಕೆಯನ್ನು ಕಿವಿ ಹತ್ತಿರದ ಎಲುಬಿಗೆ ಒತ್ತಿ ಹಿಡಿಯುತ್ತಾರೆ. ಸುತ್ತ ಹತ್ತು ಮಷೀನು ಅರಚುತ್ತಿದ್ದರೂ ಆ ಒಂದು ಬೇರಿಂಗ್ ಮಾತ್ರ ಕೇಳುತ್ತದೆ. ಗುಂಯ್ ಅಂತಿದ್ದರೆ ಸರಿ. ಒಳಗೆ ಕರಕರ ಅಂದರೆ ಇಳಿಸಬೇಕು. ಬ್ಯಾಂಡಿನ ಬೇಸನ್ನೂ ನಾನು ಹಾಗೇ ಕೇಳೋದು. ಮೇಲೆ ಯಾರು ಎಷ್ಟಾದರೂ ಕುಣಿದಾಡಲಿ, ಒಂದು ಸಲ ಪೂರ್ತಿ ಟ್ರ್ಯಾಕನ್ನು ಬೇಸಿಗೇ ಕಿವಿ ಕೊಟ್ಟು ಕೇಳ್ತೀನಿ. ಎರಡನೇ ಸಲ ಡ್ರಮ್ಮಿನವನಿಗೆ. ಟ್ರಂಪೆಟ್ಟು ಹೇಗೂ ಕೇಳೇ ಕೇಳುತ್ತದೆ, ಅದಕ್ಕೇನು ಅವಸರ?

ಈಗ ನಮ್ಮ ತಿಲಕವಾಡಿ ಕಡೆ ಕೆಲವು ಕೆಫೆಗಳಲ್ಲೂ ಜಾಜ್ ಬಂದಿದೆ. ಯೂಟ್ಯೂಬಿನಲ್ಲಿ 'ರಿಲ್ಯಾಕ್ಸಿಂಗ್ ಜಾಜ್' ಅಂತ ತಾಸುಗಟ್ಟಲೆ ಓಡುತ್ತದಲ್ಲ, ಮಳೆ, ಕಿಟಕಿ, ಕಾಫಿ ಕಪ್ಪಿನ ಚಿತ್ರ ಇರುತ್ತದಲ್ಲ, ಅದೇ. ಒಂದು ಕಡೆ ಕೌಂಟರಿನ ಹುಡುಗನಿಗೆ, "ಇದರಲ್ಲಿ ನುಡಿಸೋರು ಯಾರಪ್ಪಾ?" ಅಂತ ಕೇಳಿದೆ. "ಗೊತ್ತಿಲ್ಲ ಸರ್, ಸುಮ್ನೆ ಹಾಕಿರ್ತೀವಿ. ಕಸ್ಟಮರ್ ಮಾತಾಡಬೇಕಲ್ಲ" ಅಂದ. ಯಾರಿಗೂ ಅಡ್ಡ ಬರಬಾರದು, ಯಾರೂ ತಲೆಯೆತ್ತಿ ನೋಡಬಾರದು, ಅದೇ ಅದರ ಕೆಲಸ. ನನಗೆ ಸಿಟ್ಟು ಬಂದದ್ದು ನಿಜ. ಬೇರೆಯವರ ಮಾತಿನ ನಡುವೆ ಬಾಯಿ ಹಾಕುವುದು, ಅಡ್ಡ ಬರುವುದು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕಿತ್ತುಕೊಂಡು ಬೇರೆ ಕಡೆ ಒಯ್ಯುವುದು, ಇದೇ ಬದುಕಾಗಿದ್ದ ಸಂಗೀತಕ್ಕೆ ಇಂಥ ನೌಕರಿ ಹಚ್ಚಿದ್ದಾರಲ್ಲ ಅಂತ.

ಆದರೆ ಇದರಲ್ಲೂ ಒಂದು ಪೇಚಿದೆ. ನನಗೆ ಬಹಳ ಪ್ರೀತಿಯ ರೆಕಾರ್ಡಿಂಗ್‌ಗಳಲ್ಲಿ ಒಂದು ಬಿಲ್ ಇವಾನ್ಸ್ ತ್ರಿವಳಿಯದು. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆಯ ಕ್ಲಬ್ಬು. ಪಿಯಾನೊ ಇವಾನ್ಸ್, ಡ್ರಮ್ಸ್ ಪಾಲ್ ಮೋಷಿಯನ್, ಬೇಸ್ ಸ್ಕಾಟ್ ಲಫಾರೊ. ಈ ಲಫಾರೊ ಹಿಂದೆ ನಿಂತು ಬರೇ ತಾಳದ ಲೆಕ್ಕ ಹಿಡಿಯುವ ಜಾತಿಯವನಲ್ಲ. ಪಿಯಾನೊ ಒಂದು ಮಾತು ಆಡಿ ಮುಗಿಸುವುದರೊಳಗೆ ಇವನ ಉತ್ತರ ಬಂದಿರುತ್ತದೆ. ಕೆಲವು ಕಡೆ ಯಾರು ಮುಂದೆ, ಯಾರು ಹಿಂದೆ ಅಂತಲೇ ತಿಳಿಯುವುದಿಲ್ಲ. ಹನ್ನೊಂದು ದಿನ ಆದ ಮೇಲೆ ಕಾರ್ ಅಪಘಾತದಲ್ಲಿ ತೀರಿಕೊಂಡ. 25 ವರ್ಷ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿ. ಹಿಂದೆ ಗ್ಲಾಸಿನ ಟಿಣ್ ಟಿಣ್, ಜನರ ಹರಟೆ, ನಗು ಎಲ್ಲ ಕೇಳುತ್ತದೆ. ಇಂಥ ಸಂಗೀತ ಕೈಯಳತೆಯಲ್ಲಿ ನಡೆದಿದೆ, ಜನ ತಮ್ಮಷ್ಟಕ್ಕೆ ತಾವು ಕುಡಿಯುತ್ತಾ ಕೂತಿದ್ದಾರೆ! ಹಾಗಾದರೆ ನಮ್ಮ ತಿಲಕವಾಡಿಯ ಹುಡುಗನ ಮೇಲೆ ಏನಂತ ರೇಗಲಿ? ಒಂದೇ ವ್ಯತ್ಯಾಸ, ಅಲ್ಲಿ ನುಡಿಸುವವರು ಯಾರು ಅಂತ ಕೇಳಿದ್ದರೆ ಕೌಂಟರಿನವನು ಹೆಸರು ಹೇಳುತ್ತಿದ್ದ.

ಚಾರ್ಲ್ಸ್ ಮಿಂಗಸ್ ಇದನ್ನು ಸಹಿಸುತ್ತಿರಲಿಲ್ಲ. ಅವನೂ ಬೇಸಿನವನೇ, ಆದರೆ ಬ್ಯಾಂಡಿನ ಯಜಮಾನ. 1960ರಲ್ಲಿ ಒಂದು ರೆಕಾರ್ಡು ಮಾಡಿದ. ಮಾಡಿದ್ದು ಸ್ಟುಡಿಯೋದಲ್ಲಿ, ಎದುರಿಗೆ ಕೇಳುಗರೇ ಇಲ್ಲ. ಆದರೂ ಮೈಕಿನಲ್ಲಿ ಗಂಭೀರವಾಗಿ ವಿನಂತಿ ಮಾಡುತ್ತಾನೆ. ಚಪ್ಪಾಳೆ ಹೊಡೆಯಬೇಡಿ, ಗ್ಲಾಸಿನಲ್ಲಿ ಐಸು ಅಲ್ಲಾಡಿಸಬೇಡಿ, ಗಲ್ಲಾಪೆಟ್ಟಿಗೆ ಸದ್ದು ಮಾಡಬೇಡಿ ಅಂತ. ಇಲ್ಲದ ಜನರನ್ನೂ ಬೈದವನು ಪ್ರಾಯಶಃ ಅವನೊಬ್ಬನೇ. ನನಗೆ ಬಹಳ ಬೇಕಾದವನು.

ನಮ್ಮ ಶಹಾಪುರದಲ್ಲಿ ಒಬ್ಬ ಕಾಕಾ ಇದ್ದಾರೆ. ಬೈಠಕ್‌ಗಳಲ್ಲಿ ಹಾರ್ಮೋನಿಯಂ ಸಾಥ್ ಕೊಡುತ್ತಾ ಬಂದವರು. ಅವರಿಗೆ ಲಫಾರೊ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ತಮ್ಮಾ, ಇಂವಾ ಸುಮ್ನ ಕೂಡೂ ಮನಷ್ಯಾ ಅಲ್ಲ ಬಿಡು" ಅಂದರು. ಹೊಗಳಿಕೆ ಅಂದುಕೊಂಡೆ. ಅಲ್ಲ. "ಗವಾಯಿ ಉಸುರು ತಗೊಳ್ಳೂದರಾಗ ನಾವು ನುಡಿಸಿ ಬಿಡಬೇಕು. ಅಷ್ಟ ನಮ್ಮ ಕೆಲಸಾ. ಎಲ್ಲಾರೂ ಒಮ್ಮೆಲೆ ಮಾತಾಡಿದ್ರ ಕೇಳೋರ್ಯಾರು?" ಆಮೇಲೆ ಪಾಲ್ ಚೇಂಬರ್ಸ್ ಹಾಕಿದೆ. ಅವನು ಮೈಲ್ಸನ ಕೆಳಗೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುತ್ತಾನಲ್ಲ, ಅದಕ್ಕೆ ಕಾಕಾನ ಬೆರಳು ತೊಡೆ ಮೇಲೆ ತಾವಾಗಿಯೇ ಬಡಿಯತೊಡಗಿದವು. "ಇಂವನ್ನ ಒಪ್ಪಿದೆ ನಾ."

ನಾನು ಕಾಕಾನ ಮಾತು ಒಪ್ಪುವುದಿಲ್ಲ. ಜಾಜೂ ಹಿಂದೂಸ್ತಾನಿಯೂ ಒಂದೇ, ಎರಡರಲ್ಲೂ ಮನೋಧರ್ಮವೇ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ಅಲ್ಲೇ ಕಟ್ಟಿ ನುಡಿಸುವುದೇ, ಮುಖ್ಯ ಅಂತ ಹೇಳುವವರು ಬಹಳ. ಅರ್ಧ ನಿಜ. ನಮ್ಮ ಬೈಠಕ್‌ನಲ್ಲಿ ಯಜಮಾನ ಒಬ್ಬ. ತಬಲಾದವನಿಗೆ ಆಗಾಗ ಜಾಗ ಸಿಗುತ್ತದೆ, ಸಾಥಿಗೆ ಒಂದು ಮುಗುಳುನಗೆ ಸಿಗುತ್ತದೆ. ಒಳ್ಳೆಯ ಜಾಜ್ ತಂಡದಲ್ಲಿ ಆ ಯಜಮಾನಿಕೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಹಾಗಂತ ನಮ್ಮವರಿಗೆ ಕೆಳಗಿನ ಸದ್ದಿನ ಬೆಲೆ ಗೊತ್ತಿಲ್ಲ ಅಂತಲ್ಲ. ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿ ಶ್ರುತಿ ಮಾಡುವುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರು ಅನ್ನೋದು ಸಂಗೀತದವರ ಬಾಯಲ್ಲಿ ಇವತ್ತಿಗೂ ಇದೆ. ಅವರಿಗೂ ಕ್ಷಯ ಬಂದಿತ್ತು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು, ವರ್ಷಗಟ್ಟಲೆ ಹಾಡಲಿಲ್ಲ. ಆಮೇಲೆ ಉಳಿದ ಉಸಿರಿನಲ್ಲಿ ಹಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ಅವರ ಹೆಸರಿನ ರಂಗಮಂದಿರದಲ್ಲಿ ಕಾರ್ಯಕ್ರಮಕ್ಕೆ ಹೋದಾಗೆಲ್ಲ ನಾನು ಮೊದಲು ಗಮನಿಸೋದು ತಂಬೂರಿ ಹಿಡಿದು ಹಿಂದೆ ಕೂತವರನ್ನು. ನಿರೂಪಕರು ಅವರ ಹೆಸರು ಹೇಳುವುದನ್ನು ಮರೆಯುತ್ತಾರೆ, ಈಗೀಗ ಅವರ ಜಾಗದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿಯೂ ಬಂದಿದೆ.

ಸ್ಯಾಕ್ಸೊಫೋನ್ ಅಂದ ಕೂಡಲೇ ನಮ್ಮವರು, "ಕದ್ರಿಯವರು ನುಡಿಸ್ತಿದ್ರಲ್ಲ" ಅನ್ನುತ್ತಾರೆ. ಹೌದು, ಕದ್ರಿ ಗೋಪಾಲನಾಥರು. ಜಾಜಿನವರೂ ಅವರನ್ನು ಹುಡುಕಿಕೊಂಡು ಬಂದರು. ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಕದ್ರಿಯವರ ಜೊತೆ ಸೇರಿ ಮಾಡಿದ ಆಲ್ಬಮ್ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಜಾಜ್ ಶುರು ಮಾಡಬೇಕು ಎನ್ನುವ ಕನ್ನಡದವರಿಗೆ ನಾನು ಅದನ್ನೇ ಮೊದಲು ಕೊಡ್ತೀನಿ.

ಇನ್ನು ಕೆಳಗಿನ ಸದ್ದು ಅಂದರೆ ಡಾಲ್ಬಿ ಅಲ್ಲ. ಗಣಪತಿ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ತುಂಬ ಪೆಟ್ಟಿಗೆ ಕಟ್ಟಿ ಹೊಡೆಯುತ್ತಾರಲ್ಲ, ಅಲ್ಲಿ ಬೇಸ್ ಎದೆಗೇ ಗುದ್ದುತ್ತದೆ, ಕಿಟಕಿ ಗಾಜು ನಡುಗುತ್ತದೆ. ಆದರೆ ಅದು ಯಾರ ಮಾತಿಗೂ ಉತ್ತರ ಕೊಡುವುದಿಲ್ಲ, ಬರೇ ಗುದ್ದುತ್ತದೆ. ಅದೇ ಮೆರವಣಿಗೆಯಲ್ಲಿ ಢೋಲ್ ತಾಷಾ ಪಥಕ ಬಂದಾಗ ನಿಂತು ಕೇಳಿ. ತಾಷಾದವನು ಹೊಸದೊಂದು ಪೆಟ್ಟು ಹಾಕುತ್ತಾನೆ, ಅಷ್ಟೂ ಢೋಲು ತಿರುಗಿ ಜವಾಬು ಕೊಡುತ್ತವೆ. ನ್ಯೂ ಆರ್ಲಿಯನ್ಸಿನಲ್ಲಿ ಜಾಜ್ ಬೆಳೆದದ್ದೂ ಬೀದಿಯ ಬ್ಯಾಂಡುಗಳ ನಡುವೆಯೇ. ಹೆಣದ ಹಿಂದೆ ನಿಧಾನ ನುಡಿಸುತ್ತಾ ಹೋಗಿ, ಮಣ್ಣು ಮಾಡಿ ಬರುವಾಗ ಕುಣಿಸುತ್ತಾ ಬರುವ ಬ್ಯಾಂಡು. ನಮ್ಮ ಮದುವೆ ಬ್ಯಾಂಡುಗಳಲ್ಲೂ ಕ್ಲಾರಿನೆಟ್, ಟ್ರಂಪೆಟ್, ಹಿಂದೆ ದೊಡ್ಡ ಹಿತ್ತಾಳೆ ಕೊಳವೆ ಹೊತ್ತು ಭೋಂ ಭೋಂ ಅನ್ನುವ ಒಬ್ಬ ಇರುತ್ತಿದ್ದ. ಕುದುರೆ ಮೇಲಿನ ವರನನ್ನು ಬಿಟ್ಟು ನಾನು ಅವನನ್ನೇ ನೋಡುತ್ತಿದ್ದೆ. ಈಗ ಅವನ ಜಾಗದಲ್ಲೂ ಡಾಲ್ಬಿ.

ಚೋರ್ಲಾ ಘಾಟ್ ಇಳಿದರೆ ಗೋವಾ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದಲು, ಪಿಟೀಲು ನುಡಿಸಲು ಕಲಿಸುತ್ತಿದ್ದರು. ಹಾಗೆ ಕಲಿತವರು ಮುಂಬೈಗೆ ಹೋಗಿ ರಾತ್ರಿ ಹೋಟೆಲುಗಳಲ್ಲಿ ಜಾಜ್ ನುಡಿಸಿದರು, ಹಗಲು ಸಿನಿಮಾ ಸ್ಟುಡಿಯೋಗಳಲ್ಲಿ ದುಡಿದರು. ಟ್ರಂಪೆಟ್ಟಿನ ಚಿಕ್ ಚಾಕೊಲೇಟ್, ಅಸಲಿ ಹೆಸರು ಆಂಟೋನಿಯೊ ಶಾವಿಯೆರ್ ವಾಜ್, ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆಗಿದ್ದ. ಸೆಬಾಸ್ಟಿಯನ್ ಡಿಸೋಜಾ ಶಂಕರ್-ಜೈಕಿಶನ್ ಜೊತೆ. ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಹತ್ತಿರ ಪಿಟೀಲು ಕಲಿತವರು ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್. ಅಮ್ಮಂದಿರು ರೇಡಿಯೋದಲ್ಲಿ ಕೇಳುತ್ತಾ ಚಪಾತಿ ಲಟ್ಟಿಸುತ್ತಿದ್ದ ಹಾಡುಗಳೊಳಗೆ ಇವರೆಲ್ಲ ಇದ್ದರು. ರೆಕಾರ್ಡಿನ ಮೇಲೆ ಹಾಡಿದವರ ಹೆಸರಿತ್ತು, ಸಂಗೀತ ನಿರ್ದೇಶಕರ ಹೆಸರಿತ್ತು. ಇವರದು ಬಹಳ ಸಲ ಇರಲಿಲ್ಲ. ನಮ್ಮ ಲೇತ್ ಹುಡುಗ ಕೇಳಿದ "ಹಾಡೋರು ಯಾವಾಗ ಬರ್ತಾರ" ಅನ್ನೋ ಪ್ರಶ್ನೆಗೆ ಉತ್ತರವಾಗಿ ಅವನಿಗೆ ಆ ಹಳೆಯ ಹಿಂದಿ ಹಾಡುಗಳನ್ನೇ ಹಾಕಿದೆ, ಹಾಡನ್ನು ಬಿಟ್ಟು ಹಿಂದಿನದನ್ನು ಮಾತ್ರ ಕೇಳು ಅಂತ. ಈಗ ಅವನೇ, "ಇದರಾಗ ಟ್ರಂಪೆಟ್ ಯಾರದು?" ಅಂತ ಕೇಳ್ತಾನೆ. ಅರ್ಧಕ್ಕರ್ಧ ಸಲ ನನಗೂ ಹೇಳಲಿಕ್ಕೆ ಆಗುವುದಿಲ್ಲ.

ಬರೆಯಲು ಕೂತದ್ದು ಮುಖ್ಯವಾಗಿ ಇದಕ್ಕೇ. ಗೋವೆಯ ಹೆಸರುಗಳನ್ನಾದರೂ ಯಾರೋ ಹುಡುಕಿ ದಾಖಲು ಮಾಡಿದ್ದಾರೆ. ನಮ್ಮ ಬೆಳಗಾವಿಯವರದು? ಕ್ಯಾಂಪಿನಲ್ಲಿ, ಖಡೇಬಜಾರಿನಲ್ಲಿ, ಶಹಾಪುರ ವಡಗಾವಿ ಕಡೆ ಬ್ಯಾಂಡಿನಲ್ಲಿ ಊದಿದವರು, ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಮದುವೆಗಳಲ್ಲಿ ನುಡಿಸಿದವರು, ನಾಟಕ ಕಂಪನಿಗಳಿಗೆ ಕ್ಲಾರಿನೆಟ್ ನುಡಿಸಿದವರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಇಲ್ಲಿ ಕೆಳಗೆ ಹೇಳಿ. ಅವರ ಒಪ್ಪಿಗೆ ಕೇಳಿಯೇ ಹೇಳಿ. ಹಳೇ ಫೋಟೋ ಇದ್ದರೆ ನಾನೇ ಬಂದು ಸ್ಕ್ಯಾನ್ ಮಾಡಿಕೊಂಡು, ಅಲ್ಲೇ ವಾಪಸ್ ಕೊಟ್ಟು ಬರ್ತೀನಿ. ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಗೊತ್ತಿರುವ ಹಿರಿಯರು ಮನೆಯಲ್ಲಿ ಇರುವ ದಿನವೇ ಕರೆಯಿರಿ. ರವಿವಾರ ಆದರೆ ಚಲೋ, ಶಾಪಿಗೆ ಸೂಟಿ ಇರುತ್ತದೆ.