ಆ ಚಿತ್ರದಲ್ಲಿ ಇರುವುದು ಟಿಪ್ಪು ಅಲ್ಲ

ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಇಬ್ಬರು ಹುಡುಗರ ಕೈ ಹಿಡಿದು ನಿಂತಿರುವ ಹಳೆಯ ವರ್ಣಚಿತ್ರವೊಂದು ಮತ್ತೆ ಹರಿದಾಡುತ್ತಿದೆ. ‘ಟಿಪ್ಪು ಸುಲ್ತಾನ್ ತಾನೇ ಬಂದು ಮಕ್ಕಳನ್ನು ಒಪ್ಪಿಸಿದ ಕ್ಷಣ’ ಎಂದು ಕೆಳಗೆ ಬರೆದಿದ್ದಾರೆ. ಇದು ತಪ್ಪು.

ಚಿತ್ರ ಬರೆದವರು ರಾಬರ್ಟ್ ಹೋಮ್. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಘಟನೆ ನಡೆದದ್ದು 1792ರ ಫೆಬ್ರುವರಿ 26ರಂದು, ಶ್ರೀರಂಗಪಟ್ಟಣದ ಹೊರಗಿದ್ದ ಬ್ರಿಟಿಷ್ ಪಾಳೆಯದಲ್ಲಿ. ಟಿಪ್ಪು ಅಲ್ಲಿಗೆ ಬರಲೇ ಇಲ್ಲ. ಯುದ್ಧದಲ್ಲಿ ಸೋತ ಅವನು ಒತ್ತೆಯಾಳುಗಳಾಗಿ ಕೊಟ್ಟ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್‌ರನ್ನು ಕರೆದೊಯ್ದವರು ಅವನ ವಕೀಲ, ಅಂದರೆ ರಾಯಭಾರಿ, ಗುಲಾಮ್ ಅಲಿ ಖಾನ್. ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರ: ಮಕ್ಕಳು ಬಂದದ್ದು ಹೀಗೆ. ಕಾರ್ನ್‌ವಾಲಿಸ್ ಅಪ್ಪಿಕೊಂಡು ಇಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟ.

ಇನ್ನೊಂದು ಗೊಂದಲವೂ ಇದೆ. ಇದೇ ಸಂಗತಿಯನ್ನು ಮೇದರ್ ಬ್ರೌನ್ ಎಂಬ ಚಿತ್ರಕಾರ ಕೂಡ ಚಿತ್ರಿಸಿದ. ಹೋಮ್ ಬ್ರಿಟಿಷ್ ಸೇನೆಯ ಜೊತೆಗೇ ಇದ್ದವನು. ಬ್ರೌನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ, ಲಂಡನ್ನಿನಲ್ಲಿ ಕೂತು ಬರೆದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಲ್ವಾ?

ಹೋಮ್ ಚಿತ್ರವೂ ಗೆದ್ದವರ ಕಡೆಯದೇ. ಅದರಲ್ಲಿ ಕಾರ್ನ್‌ವಾಲಿಸ್ ಕರುಣಾಳು ತಂದೆಯಂತೆ ಕಾಣುತ್ತಾನೆ. ಟಿಪ್ಪು ಬಿಟ್ಟುಕೊಡಬೇಕಾದ ಅರ್ಧ ರಾಜ್ಯ, ತೆರಬೇಕಾದ 3 ಕೋಟಿ 30 ಲಕ್ಷ ರೂಪಾಯಿ ದಂಡ ಅಲ್ಲಿ ಕಾಣುವುದಿಲ್ಲ. ಆ ಮಕ್ಕಳು ಅಪ್ಪನ ಬಳಿಗೆ ಮರಳಿದ್ದು 1794ರಲ್ಲಿ. ಚಿತ್ರ ಹಂಚಿ, ಆದರೆ ಕೆಳಗಿನ ಆ ಸಾಲನ್ನು ದಯವಿಟ್ಟು ತಿದ್ದಿ.